ಬೋರಲು ಮಲಗಿದ ಕಾರಂಜಿ

ಫೆಸ್ ಪಟ್ಟಣದಲ್ಲಿ ಝಲೀಜ್ ಎಂಬ ಹಂಚಿನ ಚೂರುಗಳ ಚಿತ್ತಾರದ ಕೆಲಸಕ್ಕೆ ಮಾಲೆಮ್, ಎಂದರೆ ಮೇಸ್ತ್ರಿ, ಹಮ್ಮಾದಿಯಂಥ ಕೈ ಇನ್ನೊಂದಿಲ್ಲ; ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಅವನು ಕಾಲು ಮಡಚಿ ಕೂತು, ಚಪ್ಪಟೆ ಸುತ್ತಿಗೆಯಿಂದ ಮೆರುಗಿನ ಹಂಚನ್ನು ಕುಟ್ಟಿ ತೆಗೆದ ಚೂರಿನ ಅಂಚಿನಲ್ಲಿ ಇರುವೆಗಳು ಗಡ್ಡ ಹೆರೆದುಕೊಳ್ಳುತ್ತಿದ್ದವು. ಅನುಮಾನವಿದ್ದವರು ಇರುವೆಗಳನ್ನೇ ಕೇಳಿಕೊಳ್ಳಬಹುದು.

ಕರಕುಶಲ ಶಾಲೆಯ ಅಂಗಳದ ಗೋಡೆಗೆಂದು ಅವನು ಕಾರಂಜಿಯ ಫಲಕವೊಂದನ್ನು ಹೂಡಿದ್ದ. ಮಹಡಿಯ ಹಲಗೆ ನೆಲದ ಮೇಲೆ ಹನ್ನೊಂದು ಸಾವಿರ ಚೂರುಗಳು, ಎಲ್ಲವೂ ಬೋರಲು. ಝಲೀಜ್ ಜೋಡಿಸುವುದೇ ಹಾಗೆ: ಬಣ್ಣದ ಮುಖ ಕೆಳಗೆ, ಮಣ್ಣಿನ ಬೆನ್ನು ಮೇಲೆ. ಯಾವ ಬಣ್ಣ ಎಲ್ಲಿ ಕೂತಿದೆ ಎಂಬುದು ಮಾಲೆಮನ ತಲೆಯೊಳಗೆ ಮಾತ್ರ. ಬೆನ್ನಿಗೆ ಗಾರೆ ಸುರಿದು, ಒಣಗಿಸಿ, ಎತ್ತಿ ನಿಲ್ಲಿಸಿದಾಗಲೇ ಮಾಡಿದವನಿಗೂ ಮುಖದರ್ಶನ.

ಹಮ್ಮಾದಿಯ ತಲೆಯೊಳಗೆ ಎಲ್ಲವೂ ಸರಿಯಿತ್ತು, ಹತ್ತೊಂಬತ್ತನೇ ಸಾಲೊಂದನ್ನು ಬಿಟ್ಟು. ಆ ಸಾಲು ಕೂರಿಸುವ ದಿನ ಹೆಂಡತಿ ತಾಮು ಕಟ್ಟಿಕೊಟ್ಟ ಖಾರದ ಬೂತಾಯಿ ಮೀನು ತಿಂದು ಅವನಿಗೆ ಎಂಥ ಬಿಕ್ಕಳಿಕೆ ಬಂದಿತ್ತೆಂದರೆ, ಮೂರು ಬೀದಿಯಾಚೆಯ ಕತ್ತೆಗಳು ಬೆಚ್ಚಿ ಹೊರೆ ಕೆಡವಿದ್ದವು. ಆ ಗಲಾಟೆಯಲ್ಲಿ ಇಟ್ಟದ್ದು ಹಸಿರೋ, ಬಿಳಿಯೋ? ಅಂದಿನಿಂದ ಅವನಿಗೆ ನಿದ್ದೆಯಿಲ್ಲ. ಐವತ್ತು ವರ್ಷದಲ್ಲಿ ಒಂದು ಚೂರೂ ತಪ್ಪದ ಕೈ ಅದು. ಈ ಮುಖ ನೋಡದೆ ಸತ್ತರೆ ಗೋರಿಯೊಳಗೂ ಮಗ್ಗುಲು ಬದಲಿಸುತ್ತಲೇ ಇರಬೇಕು.

ಗಾರೆ ಕಲಸುವ ಬೆಳಿಗ್ಗೆಯೇ ಶಾಲೆಯ ಹೊಸ ನಿರ್ದೇಶಕಿ ಲಲ್ಲಾ ಬತೂಲ್ ಬಂದಿಳಿದಳು. ಪರಂಪರೆ ಕಾಪಾಡುವುದರಲ್ಲಿ ಅವಳೂ ಸಾಮಾನ್ಯಳಲ್ಲ. ಹಿಂದಿನ ಶಾಲೆಯಲ್ಲಿ ಮುದಿ ನೇಕಾರನೊಬ್ಬನ ಕೆಮ್ಮಿಗೂ ದಾಖಲೆಯಲ್ಲಿ ನಂಬರು ಕೊಟ್ಟು ಬಂದವಳು.

“ನಿಲ್ಸಿ ಮಾಲೆಮ್! ಮುಖಾನ ಎಲ್ರೂ ಕಾಪಾಡ್ತಾರೆ. ಮಗುಚೋ ಮುಂಚಿನ ಈ ಗಳಿಗೇನ ಯಾರು ಕಾಪಾಡಿದಾರೆ, ಹೇಳಿ?”

“ಯಾರೂ ಇಲ್ಲ ಲಲ್ಲಾ. ಇದು ಅರ್ಧ ಆಗಿರೋ ಕೆಲಸ.”

“ಅದೇ! ಅರ್ಧ ಇದ್ದಾಗ ಪರಂಪರೆ. ಪೂರ್ತಿ ಆದ್ರೆ ಬರೀ ಗೋಡೆ.”

ಮಧ್ಯಾಹ್ನದೊಳಗೆ ಫಲಕದ ಸುತ್ತ ಕೆಂಪು ಹಗ್ಗ ಬಂತು, ಕುರ್ಚಿಯ ಮೇಲೆ ಕಾವಲುಗಾರ ಮಿಲೂದ್ ಬಂದ, ಬೋರ್ಡೂ ಬಂತು: ಮಗುಚಬಾರದು, ಎತ್ತಬಾರದು, ಸರಿಸಬಾರದು. ಏಳು ಸಮುದ್ರ ದಾಟಿ ಜನ ಬಂದು ಮಣ್ಣಿನ ಬೆನ್ನು ನೋಡಿ ಗಳಗಳ ಅತ್ತರು. ಮಿಲೂದ್ ದಿನಕ್ಕೆರಡು ಸಲ ನೆಲ ಒರೆಸಬೇಕಾಯಿತು.

“ನಿನ್ನ ಮೀನಿಂದಾನೇ ಇಷ್ಟೆಲ್ಲ,” ಎಂದು ಹಮ್ಮಾದಿ ಮನೆಯಲ್ಲಿ ಹಲುಬಿದ.

“ನನ್ನ ಮೀನನ್ನ ಯಾಕ್ರೀ ದೂರ್ತೀರಾ? ಆರು ನುಂಗಿದ್ದು ಯಾರು?”

“ಒಂಬತ್ತು,” ಎಂದ ಅವನು, ಆ ಸಂಕಟದಲ್ಲೂ ಜಂಬ ಬಿಡದೆ.

“ಹಂಗಿದ್ರೆ ಬಾಯ್ಮುಚ್ಕೊಂಡು ಕೇಳಿ. ಚೂರುಗಳ ಮೇಲೆ ಧೂಳು ಕೂರತ್ತೆ, ರಕ್ಷಣೆಗೆ ಬಿಳೀ ಲೇಪ ಹಾಕ್ಬೇಕು ಅನ್ನಿ ಆಯಮ್ಮಂಗೆ. ರಕ್ಷಣೆ ಅಂದ್ರೆ ಗಾರೆ ಏನು, ಗಂಜಿ ಸುರಿಯೋಕೂ ಒಪ್ತಾಳೆ.”

ಒಪ್ಪಿದಳು, ಮೂರು ಮೊಹರೂ ಒತ್ತಿದಳು. ಗಾರೆ ಒಣಗಿ ಫಲಕ ಒಂದೇ ಕಲ್ಲಾದ ಮೇಲೆ ಹಮ್ಮಾದಿ ಏಣಿ, ಗರಗಸ, ಸುತ್ತಿಗೆ ಹೊತ್ತು ಅದರ ನೇರ ಕೆಳಗಿನ ಉಗ್ರಾಣಕ್ಕಿಳಿದ. ತೊಲೆಗಳನ್ನು ಬಿಟ್ಟು, ನಡುವಿನ ಹಲಗೆಗಳನ್ನು ಒಂದೊಂದಾಗಿ ಕೊಯ್ಯತೊಡಗಿದ.

“ಮಾಲೆಮ್, ಕೆಳಗೇನ್ ಸದ್ದು?” ಮಹಡಿಯಿಂದ ಮಿಲೂದ್ ಕೂಗಿದ.

“ನೆಲ ಕೊಯ್ತಿದೀನಿ ಕಣಯ್ಯಾ!”

“ಫಲಕ ಮಗುಚ್ತಿಲ್ಲ ತಾನೇ?”

“ಇಲ್ಲಪ್ಪಾ!”

“ಎತ್ತೋದು, ಸರಿಸೋದು?”

“ಅದೂ ಇಲ್ಲ!”

“ಹಂಗಾದ್ರೆ ಸರಿ ಬಿಡಿ.”

ಕೊನೆಯ ಹಲಗೆ ಬಿತ್ತು. ಉಗ್ರಾಣದ ಸುಣ್ಣದ ಮೂಟೆಗಳ ಮೇಲೆ ಎಂಥ ಬಣ್ಣ ಸುರಿಯಿತೆಂದರೆ, ಅಲ್ಲಿದ್ದ ಬಿಳಿ ಬೆಕ್ಕು ಹೊರಗೆ ಹೋದ ಮೇಲೂ ಎರಡು ದಿನ ನೀಲಿಯಾಗಿತ್ತು. ಹಮ್ಮಾದಿ ಉಸಿರು ಬಿಗಿಹಿಡಿದು ಎಣಿಸಿದ. ಹತ್ತೊಂಬತ್ತನೇ ಸಾಲು ಚೊಕ್ಕ! ಬಿಕ್ಕಳಿಕೆಗೂ ಬಗ್ಗದ ಕೈ! ಆದರೆ ನಾಲ್ಕನೇ ಸಾಲಿನಲ್ಲಿ, ನೀಲಿಗಳ ನಡುವೆ, ಒಂದು ಹಳದಿ ಚೂರು ಹಲ್ಲು ಕಿರಿಯುತ್ತಿತ್ತು. ಆ ಸಾಲಿನ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ತನ್ನ ಕೈ ಎಂದೂ ತಪ್ಪುವುದಿಲ್ಲವೆಂದು ಶಾಲೆಯ ಮಕ್ಕಳಿಗೆ ಬೆಳಗಿನಿಂದ ಸಂಜೆಯವರೆಗೆ ಪಾಠ ಹೇಳಿದ ದಿನ ಅದು.

ಅವನು ನಕ್ಕ ನಗುವಿಗೆ ಮೇಲೆ ಮಿಲೂದನ ಕುರ್ಚಿ ಅಲುಗಿತು. ಹಳದಿಯನ್ನು ಮೀಟಿ ತೆಗೆದು, ಉಗ್ರಾಣದಲ್ಲೇ ಇದ್ದ ನೀಲಿ ಹಂಚೊಂದನ್ನು ಕುಟ್ಟಿ ಚೂರು ಮಾಡಿ, ಚಿಟಿಕೆ ಗಾರೆ ಮೆತ್ತಿ ಕೂರಿಸುವಷ್ಟರಲ್ಲಿ ಲಲ್ಲಾ ಬತೂಲ್ ಓಡಿಬಂದಳು.

“ಅಯ್ಯೋ ಮಾಲೆಮ್! ನಂಬರು ಹಾಕದೇ ಇರೋ ತಪ್ಪನ್ನ ಕಿತ್ತುಬಿಟ್ರಾ?”

“ತಪ್ಪು ನಂದಮ್ಮಾ. ನಾನೇ ಇಟ್ಟಿದ್ದು, ನಾನೇ ತೆಗ್ದೆ. ನಿಮ್ಮ ಹಗ್ಗ ಮಹಡಿ ಮೇಲಿದೆ, ಅಲ್ಲೇ ಇರ್ಲಿ.”

ಅವಳು ಜಗಳಕ್ಕೆಂದು ಕತ್ತೆತ್ತಿದವಳು ಕತ್ತು ಇಳಿಸಲಿಲ್ಲ.

“ಇದು... ಇಷ್ಟು ದಿನ ಇಲ್ಲೇ ಇತ್ತಾ?”

“ಇಲ್ಲೇ. ಈಗ ಸ್ವಲ್ಪ ಏಣಿ ಹಿಡ್ಕೊಳ್ಳಿ ಲಲ್ಲಾ, ಗಾರೆ ಬಿಗಿಯೋವರೆಗೂ ಈ ಚೂರಿಂದ ಹೆಬ್ಬೆಟ್ಟು ತೆಗೆಯೋ ಹಾಗಿಲ್ಲ.”

ಲಲ್ಲಾ ಬತೂಲ್ ಮೊಹರಿನ ಚೀಲವನ್ನು ಕೆಳಗಿಟ್ಟು, ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತಳು.