ಕುಲುಮೆಯ ಮುಂದೆ ಗುಂಡಕ್ಕ

ಯಾವ ಕೋಣೆಗೆ ಹೋದರೂ ಸರಿ, ಆಕೆ ಮೊದಲು ಕೆನ್ನೆಯನ್ನು ಮುಂದೆ ಮಾಡುತ್ತಾಳೆ. ನಾವೆಲ್ಲ ಒಳಗೆ ಕಾಲಿಟ್ಟೊಡನೆ ಕುರ್ಚಿ ಎಲ್ಲಿದೆ, ಪರಿಚಯದವರು ಯಾರಿದ್ದಾರೆ ಎಂದು ಕಣ್ಣಾಡಿಸಿದರೆ, ಈಕೆ ಬಾಗಿಲಲ್ಲೇ ನಿಂತು, ಕಣ್ಣು ಅರೆಮುಚ್ಚಿ, ಒಮ್ಮೆ ಎಡಗೆನ್ನೆಯನ್ನೂ ಒಮ್ಮೆ ಬಲಗೆನ್ನೆಯನ್ನೂ ಗೋಡೆಗಳತ್ತ ತಿರುಗಿಸಿ, ಶಾಖ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು ಖಚಿತವಾದ ಮೇಲಷ್ಟೇ ಕೂರುತ್ತಾಳೆ. ಹೊಸದಾಗಿ ಮದುವೆಯಾಗಿ ಬಂದವಳು ಅತ್ತೆಯ ಕೋಣೆಯಲ್ಲೂ ಹೀಗೆಯೇ ನಿಂತು, "ಅತ್ತೆ, ಈ ಮಂಚ ಆ ಗೋಡೆಯಿಂದ ಈಚೆಗೆ ಎಳೆಯೋಣ. ಸಂಜೆಯೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ನಿಮ್ಮ ಬೆನ್ನಿಗೆ ಕಕ್ಕುತ್ತೆ ಆ ಗೋಡೆ" ಎಂದು ಹೇಳಿ, ಉತ್ತರಕ್ಕೂ ಕಾಯದೆ ಮಂಚಕ್ಕೆ ಕೈಹಾಕಿದ್ದಳಂತೆ. ಅತ್ತೆ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಆಮೇಲೆ ನಿದ್ದೆ ಚೆನ್ನಾಗಿ ಬರುತ್ತಿದೆ ಎಂದು ಒಪ್ಪಿಕೊಂಡರು.

ಗುಂಡಕ್ಕ ಎಂಬ ಹೆಸರು ಬಂದದ್ದು ಮೈಕಟ್ಟಿನಿಂದಲ್ಲ. ಜೋರಾಗಿ ಗಾಳಿ ಬೀಸಿದರೆ ಹಾರಿಹೋದಾಳೇನೋ ಎನ್ನುವಂಥ ಸಪೂರ ದೇಹ. ದುಡಿಯುವವರ ಮೈಮೇಲೆ ಬೀಳುವ ಶಾಖವನ್ನು ಅಳೆಯುವುದು ಆಕೆಯ ಉದ್ಯೋಗ. ಆ ಉದ್ಯೋಗದ ಪ್ರಧಾನ ಉಪಕರಣವೆಂದರೆ ಹೊರಗೆ ಮಸಿಗಪ್ಪು ಬಳಿದ, ಒಳಗೆ ನಟ್ಟನಡುವೆ ಥರ್ಮಾಮೀಟರಿನ ಬುಡವನ್ನು ಅಡಗಿಸಿಕೊಂಡ ಒಂದು ಟೊಳ್ಳು ತಾಮ್ರದ ಗುಂಡು. ಅದರ ಪೆಟ್ಟಿಗೆಯನ್ನು ವರ್ಷಾನುಗಟ್ಟಲೆ ಒಂದೇ ಕೈಯಲ್ಲಿ ಹೊತ್ತು ಬಲಭುಜ ಕೊಂಚ ವಾಲಿದೆ, ನಡಿಗೆಯೂ ಅದೇ ಕಡೆಗೆ ಎಳೆಯುತ್ತದೆ. ತೊಡುವ ಉದ್ದನೆಯ ಬೂದುಬಣ್ಣದ ಕೋಟಿನ ಎಡತೋಳು ಮಾತ್ರ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿದೆ. ಯಾವ ಕುಲುಮೆಯ ಮುಂದೆಯೂ ಎಡಮಗ್ಗುಲಾಗಿ ನಿಲ್ಲುವುದು ಆಕೆಯ ಹಟ. ಹೊಸ ಕೋಟು ಹೊಲಿಸಿಕೊ ಎಂದರೆ, "ಇರ್ಲಿ, ನೋಡೋಣ." ಸಂತೋಷಕ್ಕೂ ಸಿಟ್ಟಿಗೂ ಆಕೆಯ ಬಾಯಲ್ಲಿ ಇದೇ ಎರಡು ಮಾತು, ಯಾವುದು ಯಾವುದೆಂದು ತಿಳಿಯಲು ಹುಬ್ಬನ್ನು ನೋಡಬೇಕು. "ನಮ್ಮ ಮನೇಲಿ ಒಲೆ ಹಚ್ಚೋನು ನಾನು, ಅದರ ಶಾಖ ಅಳೆಯೋಳು ಇವಳು" ಎಂದು ಗಂಡ ಬಂದವರ ಮುಂದೆಲ್ಲ ನಗೆಯಾಡುತ್ತಾನೆ. ಅದು ಸುಳ್ಳೂ ಅಲ್ಲ.

ಗಾಳಿಯ ಬಿಸಿ ಬೇರೆ, ಬೆಂಕಿಯಿಂದ ನೇರವಾಗಿ ಹಾರಿಬರುವ ಶಾಖ ಬೇರೆ ಎಂಬುದನ್ನು ಲೋಕಕ್ಕೆ ಮನಗಾಣಿಸುವುದೇ ಆಕೆಯ ಜೀವಮಾನದ ಜಗಳ. "ಚಳೀಲಿ ಬೆಂಕಿ ಮುಂದೆ ಕೂತ್ಕೊಳ್ಳಿ. ಮುಖ ಸುಡುತ್ತೆ, ಬೆನ್ನು ನಡುಗುತ್ತೆ. ಎರಡೂ ಕಡೆ ಗಾಳಿ ಒಂದೇ ತಾನೇ?" ಎಂದು ಕೇಳಿ, ಎದುರಿನವರು ತಲೆಯಾಡಿಸುವವರೆಗೆ ಬಿಡುವುದಿಲ್ಲ. ಆ ಜಗಳದಲ್ಲಿ ಆಕೆ ಸೋತದ್ದೂ ಉಂಟು, ಗೆದ್ದದ್ದೂ ಉಂಟು. ಆದರೆ ಎರಕದ ಕಾರ್ಖಾನೆಯಲ್ಲಿ ಗೆದ್ದ ಗೆಲುವಿದೆಯಲ್ಲ, ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಲ್ಲಿ ಕುಲುಮೆಯ ಬಾಯಲ್ಲಿ ನಿಂತು, ಕರಗಿದ ಕಬ್ಬಿಣದ ಮೇಲೆ ತೇಲುವ ಕಿಟ್ಟವನ್ನು ಉದ್ದನೆಯ ಸಲಾಕೆಯಿಂದ ಎಳೆದುಹಾಕುವ ಹಿರಿಯನೊಬ್ಬನಿದ್ದ. ಇಡೀ ಕಾರ್ಖಾನೆಗೆ ಅವನು ದೊಡ್ಡಪ್ಪ. ಒಂದು ಮಧ್ಯಾಹ್ನ ಸಲಾಕೆ ಹಿಡಿದವನು ಹಿಡಿದಂತೆಯೇ ಕುಸಿದುಬಿದ್ದ. ಮ್ಯಾನೇಜರು ಗೋಡೆಯ ಮೇಲಿನ ಥರ್ಮಾಮೀಟರನ್ನು ತೋರಿಸಿ, "ಬೀದೀಲಿರೋ ಬಿಸೀನೇ ಇಲ್ಲೂ ಇರೋದು. ವಯಸ್ಸಾಯ್ತು, ಕೈಲಾಗಲ್ಲ, ಅಷ್ಟೆ" ಎಂದು ತೀರ್ಪು ಕೊಟ್ಟುಬಿಟ್ಟರು. ಸಂಗಡಿಗರು ಪಟ್ಟುಹಿಡಿದದ್ದರಿಂದ, ಗುಂಡಕ್ಕ ಬಂದು ಅಳೆಯುವುದು, ಅಳತೆಯಲ್ಲಿ ಏನೂ ಕಾಣದಿದ್ದರೆ ದೊಡ್ಡಪ್ಪನನ್ನು ಮನೆಗೆ ಕಳಿಸುವುದು ಎಂದಾಯಿತು. ಅವನ ಸಂಪಾದನೆಯಿಂದಲೇ ಒಲೆ ಉರಿಯುವ ಮನೆ ಅದು. ಆದರೂ ಗುಂಡಕ್ಕನನ್ನು ಕಂಡಾಗ ಅವನು ಹೇಳಿದ್ದು ಬೇರೆ: "ಕೆಲಸ ಹೋದ್ರೆ ಹೋಗ್ಲಿ ತಾಯಿ, ಕೈಲಾಗದೆ ಬಿದ್ದ ಅಂತ ಮಾತ್ರ ಅನ್ನಿಸ್ಬೇಡಿ." ಆಕೆ ಹುಬ್ಬು ಗಂಟಿಕ್ಕಿ, "ಇರ್ಲಿ, ನೋಡೋಣ" ಎಂದಳು.

ದೊಡ್ಡಪ್ಪ ನಿಲ್ಲುತ್ತಿದ್ದ ಜಾಗದಲ್ಲೇ, ಅವನ ಎದೆಯ ಎತ್ತರಕ್ಕೆ ಸರಿಯಾಗಿ ಗುಂಡನ್ನು ತೂಗುಹಾಕಿ, ಯಾರೂ ಕದಲಿಸಬೇಡಿ ಎಂದು ಹೇಳಿ, ಕುಲುಮೆ ಪೂರ್ತಿ ಕಾಯುವ ಹೊತ್ತಿಗೆ ಬರುತ್ತೇನೆಂದು ಆಕೆ ಹೋದಳು. ಮರುದಿನ ಬಂದು ನೋಡಿದರೆ, ಅಯ್ಯೋ ದೇವರೇ, ಗುಂಡು ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತಿದೆ!

ದೊಡ್ಡವರು ನೋಡಲು ಬರುತ್ತಾರೆಂದು ಕಾರ್ಖಾನೆಯ ಪೈಪು, ಬಾಗಿಲು, ಕಂಬಿಗಳಿಗೆಲ್ಲ ಮುಂಜಾನೆಯಿಂದ ಅಲ್ಯೂಮಿನಿಯಂ ಬಣ್ಣ ಹೊಡೆಯುತ್ತಿದ್ದ ಪೇಂಟರು, ಮಸಿ ಹಿಡಿದಂತಿದ್ದ ಗುಂಡನ್ನು ಕಂಡು ಮರುಗಿ, ಕದಲಿಸದೆಯೇ, ಬಲು ನಾಜೂಕಾಗಿ, ಅದಕ್ಕೂ ಎರಡು ಕೈ ಬಳಿದಿದ್ದ. ಮ್ಯಾನೇಜರು ಅಷ್ಟರಲ್ಲೇ ಬಂದು ಓದಿಯೂ ಆಗಿತ್ತು. "ಬನ್ನಿ ಮೇಡಂ! ನಿಮ್ಮ ಗುಂಡೇ ಹೇಳ್ತಿದೆ ನೋಡಿ. ಗೋಡೆ ಥರ್ಮಾಮೀಟರಿಗಿಂತ ಏನೋ ಸ್ವಲ್ಪ ಜಾಸ್ತಿ." ಸುತ್ತ ನಿಂತವರ ಮುಖ ಬಾಡಿತು; ದೊಡ್ಡಪ್ಪ ನೆಲ ನೋಡತೊಡಗಿದ. ಪೇಂಟರಿಗೆ ತಾನೇನು ಮಾಡಿದೆನೆಂದು ತಿಳಿಯದಿದ್ದರೂ, ಏನೋ ಮಾಡಬಾರದ್ದನ್ನು ಮಾಡಿದೆನೆಂದು ತಿಳಿಯಿತು. "ನೀವು ಬರೋ ಹೊತ್ತಿಗೆ ಚೆನ್ನಾಗಿ ಕಾಣ್ಲಿ ಅಂತ ಅಕ್ಕಾ..." ಎಂದವನ ದನಿ ಅಳುವಂತಿತ್ತು.

ಒಂದು ಕ್ಷಣ ಗುಂಡಕ್ಕನಿಗೆ ಆ ಬ್ರಷ್ಷನ್ನು ಕಿತ್ತು ಅವನ ತಲೆಗೇ ಬಳಿಯೋಣವೆನ್ನಿಸಿದ್ದು ನಿಜ. ಮರುಕ್ಷಣ ಹೊಳೆಯುವ ಗುಂಡನ್ನೊಮ್ಮೆ, ಧಗಧಗಿಸುವ ಕುಲುಮೆಯನ್ನೊಮ್ಮೆ ನೋಡಿದವಳ ಮುಖದಲ್ಲಿ ನಗು ಹರಡಿತು. "ಮಹಾರಾಯ, ಬಳಿದಿದ್ದು ಒಳ್ಳೇದೇ ಆಯ್ತು" ಎಂದು, ಪೆಟ್ಟಿಗೆಯಿಂದ ಇನ್ನೊಂದು ಗುಂಡನ್ನು, ಇದ್ದಿಲಿನಂತೆ ಕಪ್ಪಗಿದ್ದುದನ್ನು, ತೆಗೆದು ಮೊದಲನೆಯದರ ಪಕ್ಕದಲ್ಲೇ, ಅದೇ ಎತ್ತರಕ್ಕೆ, ಬೆಂಕಿಗೆ ಅಷ್ಟೇ ದೂರದಲ್ಲಿ ತೂಗುಹಾಕಿದಳು.

"ಇದು ಕಾದು ನಿಲ್ಲೋಕೆ ಅರ್ಧ ಗಂಟೆ ಬೇಕು ಸಾರ್. ಅಲ್ಲಿವರೆಗೂ ನಾವೂ ಇಲ್ಲೇ ನಿಲ್ಲೋಣ, ದೊಡ್ಡಪ್ಪ ನಿಲ್ತಾರಲ್ಲ, ಈ ಜಾಗದಲ್ಲೇ."

ಅಷ್ಟು ಜನರೆದುರು ಒಲ್ಲೆನೆನ್ನಲಾಗದೆ ಮ್ಯಾನೇಜರು ನಿಂತರು. ಸ್ವಲ್ಪ ಹೊತ್ತಿಗೆ ಟೈ ಸಡಿಲವಾಯಿತು, ಆಮೇಲೆ ಕೋಟು ತೋಳಿನ ಮೇಲೆ ಬಂತು, ಮುಖ ಕೆಂಡವಾಯಿತು, ಕಾಲು ತಾನಾಗಿ ಹಿಂದಕ್ಕೆ ಜರುಗಿತು.

"ಇನ್ನೂ ಎಷ್ಟು ಹೊತ್ತು ಮೇಡಂ?"

"ಯಾಕೆ ಸಾರ್, ಬೀದೀಲಿರೋ ಬಿಸೀನೇ ಅಲ್ವಾ?"

ಕಾರ್ಖಾನೆಗೆ ಕಾರ್ಖಾನೆಯೇ ಗೊಳ್ಳೆಂದಿತು. ಆಕೆ ಮಾತ್ರ ನಗದೆ ಅವರ ಕೈಗೊಂದು ಲೋಟ ನೀರು ಕೊಟ್ಟಳು.

ಹೊತ್ತಾದ ಮೇಲೆ ಓದಿದರೆ, ಬೆಳ್ಳಿಗುಂಡು ನಲವತ್ತು ಡಿಗ್ರಿಯ ಆಸುಪಾಸಿನಲ್ಲೇ ಸುಮ್ಮನೆ ಕೂತಿತ್ತು. ಕರಿಗುಂಡು ಅರವತ್ತು ದಾಟಿತ್ತು. "ಗಾಳಿ ಒಂದೇ, ಬೆಂಕಿ ಒಂದೇ. ಹೊಳೆಯೋ ಮೈ ಶಾಖಾನ ವಾಪಸ್ ಕಳಿಸಿತು, ಕರೀ ಮೈ ಎಲ್ಲಾನೂ ನುಂಗಿತು. ಮನುಷ್ಯನ ಚರ್ಮ ಯಾವ ಬಣ್ಣದ್ದೇ ಇರ್ಲಿ ಸಾರ್, ಕುಲುಮೆ ಶಾಖದ ಮುಂದೆ ಅದೂ ಕರೀಗುಂಡೇ. ನಿಮ್ಮ ಗೋಡೆ ಥರ್ಮಾಮೀಟರು ಅಳೆಯೋದು ಗಾಳೀನ. ದೊಡ್ಡಪ್ಪ ನುಂಗಿದ್ದು ಇದನ್ನ." ಎಂದಳು ಗುಂಡಕ್ಕ, ಸಿಟ್ಟಿನಿಂದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಬರಿಯ ವಾದದ ಗೆಲುವಾಗುತ್ತಿತ್ತು. ಆಕೆ ತಿರುಗಿದ್ದು ಪೇಂಟರಿನ ಕಡೆಗೆ. "ಏನಪ್ಪಾ, ಗುಂಡಿಗೆ ಮಾಡಿದ ಉಪಕಾರಾನ ಈ ಜನಕ್ಕೂ ಮಾಡ್ತೀಯಾ?" ಗೋದಾಮಿನಿಂದ ಅಲ್ಯೂಮಿನಿಯಂ ತಗಡುಗಳು ಬಂದವು, ಅಲ್ಲಿಯವರೆಗೆ ಅಪರಾಧಿಯಂತೆ ನಿಂತಿದ್ದ ಪೇಂಟರು ಬೆವರು ಸುರಿಸಿ ಅವನ್ನು ಕನ್ನಡಿಯ ಹಾಗೆ ಉಜ್ಜಿದ, ಸಲಾಕೆ ತೂರುವಷ್ಟು ಸಂದು ಬಿಟ್ಟು, ಕುಲುಮೆಗೂ ಮನುಷ್ಯರಿಗೂ ನಡುವೆ ಸರಪಳಿಯಲ್ಲಿ ಇಳಿಬಿಟ್ಟರು. ತಗಡಿನ ಮರೆಯಲ್ಲಿ ಕರಿಗುಂಡಿನ ಪಾದರಸ ಎಲ್ಲರ ಕಣ್ಣೆದುರೇ ಇಳಿಯತೊಡಗಿತು. ಮ್ಯಾನೇಜರನ್ನೂ ಹೊಗಳಲೇಬೇಕು: ನೆಟ್ಟಗೆ ದೊಡ್ಡಪ್ಪನ ಬಳಿಗೆ ಹೋಗಿ, ಎಲ್ಲರಿಗೂ ಕೇಳುವಂತೆ, "ಕೈಲಾಗಲ್ಲ ಅಂದಿದ್ದು ನನ್ನ ತಪ್ಪು. ಅಷ್ಟು ವರ್ಷ ಅಲ್ಲಿ ಹೆಂಗೆ ನಿಂತ್ರಿ ನೀವು?" ಎಂದರು. ಸರದಿಯ ಮೇಲೆ ವಿಶ್ರಾಂತಿ, ತಂಪಾದ ಕೋಣೆ ಎಲ್ಲವೂ ಆ ವಾರವೇ ಆದವು. ದೊಡ್ಡಪ್ಪ ಸಲಾಕೆ ಎತ್ತಿಕೊಂಡು ತಗಡಿನ ಹಿಂದೆ ನಿಂತು ಮೊದಲ ಕಿಟ್ಟ ಎಳೆದಾಗ ಎದ್ದ ಚಪ್ಪಾಳೆಯಲ್ಲಿ ಯಂತ್ರಗಳ ಸದ್ದೂ ಮುಳುಗಿತು, ಗುಂಡಕ್ಕ ಕಣ್ಣೊರೆಸಿಕೊಳ್ಳುತ್ತ, "ಗೆದ್ವಿ ಕಣ್ರೋ!" ಎಂದು ಕೂಗಿದಳು.

ಕಷ್ಟವನ್ನು ಸಹಿಸುವವರನ್ನು ಹಾಡಿಹೊಗಳುವುದು ಸುಲಭ; ಅದರಲ್ಲಿ ಹೊಗಳುವವರಿಗೆ ಬೆವರು ಬರುವುದಿಲ್ಲ. ಸಹಿಸುವವರ ಪಕ್ಕಕ್ಕೆ ಹೋಗಿ ನಿಂತು, ಅವರು ಇಷ್ಟು ಸಹಿಸುತ್ತಿದ್ದಾರೆ, ಇಷ್ಟನ್ನು ಯಾರೂ ಸಹಿಸಬೇಕಾಗಿಲ್ಲ ಎಂದು ಅಂಕಿಯಲ್ಲಿ ತೋರಿಸಿಕೊಡುವ ಜನ ವಿರಳ. ಅವರಿಗೆ ಮಾತು ಕಡಿಮೆ, ಹಟ ಜಾಸ್ತಿ, ಬಂಧುಬಳಗಕ್ಕೆ ಅವರಿಂದ ಉಪದ್ರವವೂ ತಪ್ಪಿದ್ದಲ್ಲ. ಆದರೆ ಅಂಥವರು ಒಮ್ಮೆ ಬಂದುಹೋದ ಕಡೆ, ಮುಂದೆಂದಾದರೂ ಒಬ್ಬ ಮನುಷ್ಯ ಕುಸಿದರೆ, ಜನ ಅವನನ್ನು ಬೈಯುವ ಮೊದಲು ಬೆಂಕಿ ಎಲ್ಲಿದೆಯೆಂದು ಹುಡುಕುತ್ತಾರೆ.