ಇರ್ಮಾಗೆ ಕೇಳಿಸುವ ಸ್ವರಗಳು

ಹಾಲಿವುಡ್ಡಿನಲ್ಲಿ ಇಪ್ಪತ್ತು ವರ್ಷ ಡಬಲ್ ಬಾಸ್ ನುಡಿಸಿದವನು ನಾನು. ಅನ್ಯಗ್ರಹದ ಚಿತ್ರವೆಂದರೆ ನಮ್ಮಂಥ ತಗ್ಗು ಸ್ವರದ ದಪ್ಪ ವಾದ್ಯದವರಿಗೆ ಸಿಗುವುದು ರಾಕ್ಷಸನ ಹೆಜ್ಜೆ, ಅಷ್ಟೇ. ರಾಗವೆಲ್ಲ ಪಿಟೀಲಿನವರ ಪಾಲು. ಹಾಗಾಗಿ 1956ರ ಬೇಸಿಗೆಯಲ್ಲಿ ಸಂಗೀತ ನಿರ್ದೇಶಕ ಆಂಡೋರ್ ಕೆಲೆಟಿ ಬರೆದುಕೊಟ್ಟ ಹಾಳೆ ನೋಡಿ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಕೊನೆಯ ದೃಶ್ಯದಲ್ಲಿ ನಾಯಕಿಯನ್ನು ಬಿಟ್ಟು ಅನ್ಯಗ್ರಹದ ನೌಕೆ ಹೊರಡುವಾಗ, ಇಡೀ ರಾಗ ಬಾಸುಗಳಿಗೇ!

"ಏನ್ ಮೇಷ್ಟ್ರೇ, ಪಿಟೀಲಿನೋರ ಮೇಲೆ ಮುನಿಸ್ಕೊಂಡ್ರಾ?" ಎಂದು ಕಿಚಾಯಿಸಿದೆ.

"ಇರ್ಮಾಗೆ ಈಗ ಮೇಲಿನ ಸ್ವರ ಒಂದೂ ಕೇಳ್ಸಲ್ಲ ಕಣಯ್ಯ. ತಗ್ಗಿಂದು ಮಾತ್ರ ಉಳ್ದಿದೆ. ಅದೂ ಕ್ರಿಸ್‌ಮಸ್‌ವರೆಗೆ ಅಂದ್ರು ಡಾಕ್ಟ್ರು."

ಇರ್ಮಾ ಅವರ ಹೆಂಡತಿ. ಬುಡಾಪೆಸ್ಟಿನಲ್ಲಿ ಹಾಡುತ್ತಿದ್ದವರು.

ಜೀವ ಬಿಟ್ಟು ನುಡಿಸಿದೆವು. ಪರದೆಯ ಮೇಲೆ ನೌಕೆ ಸದ್ದಿಲ್ಲದೆ ಏರುತ್ತಿತ್ತು. ನಮ್ಮ ಕಸುಬಿನಲ್ಲಿ ಸಂಗೀತ ಮೊದಲು, ಮಿಕ್ಕ ಸದ್ದುಗಳನ್ನು ಸೇರಿಸುವುದು ಆಮೇಲೆ. ಆ ನೌಕೆಗೂ ಗಂಟಲಿದೆ ಎಂದು ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೂರು ವಾರದ ಮೇಲೆ ಆಂಡೋರ್ ನನ್ನನ್ನೂ ಧ್ವನಿ ಬೆರೆಸುವ ಕೋಣೆಗೆ ಕರೆದೊಯ್ದರು. ಅಲ್ಲಿನ ಎಂಜಿನಿಯರ್ ಲೈಲ್ ಗುಂಡಿ ತಿರುಗಿಸಿದ. ನೌಕೆ ಗುಡುಗಿತು. ರಾಗ ಅದರಡಿ ಹೂತೇ ಹೋಯಿತು.

"ಸ್ವಲ್ಪ ತಗ್ಗಿಸಪ್ಪ," ಆಂಡೋರ್ ಅಂಗಲಾಚಿದರು.

"ಗುಡುಗು ಕೇಳ್ಲೇಬೇಕು ಅಂತ ಮೇಲಿನೋರ ಹಟ ಸಾರ್. ನಿಮ್ಮ ಬಾಸೂ ಅದೂ ತಗ್ಗು ಸ್ವರದ ಒಂದೇ ಜಾಗದಲ್ಲಿ ಕೂತಿವೆ. ಕೊಳಲಿಗೆ ಬರ್ದಿದ್ರೆ ತೂರ್ಕೊಂಡು ಬರ್ತಿತ್ತು."

ಮತ್ತೆ ಬರೆದು ನುಡಿಸಲು ಸಮಯವಿರಲಿಲ್ಲ. ವಾದ್ಯಗಾರರೆಲ್ಲ ಬೇರೆ ಚಿತ್ರಕ್ಕೆ ಹೋಗಿಯಾಗಿತ್ತು. ನಾನು ಬಾಯಿಗೆ ಬಂದಂತೆ ಬೈದೆ. ಲೈಲ್ ಕೈಚೆಲ್ಲಿ ಕೂತ. ಅವನ ತಪ್ಪೇನೂ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು.

ಚಿತ್ರ ತೆರೆಕಂಡ ದಿನ ಪಸಡೀನಾದ ಥಿಯೇಟರಿನಲ್ಲಿ ಆಂಡೋರ್, ಇರ್ಮಾ, ನಾನು ಮೂವರೂ ಕೂತೆವು. ಹೆಂಡತಿಗೆ ಏನನ್ನೂ ಹೇಳುವ ಧೈರ್ಯ ಆಂಡೋರರಿಗೆ ಬಂದಿರಲಿಲ್ಲ. ನೌಕೆ ಹೊರಟಾಗ ಅದರ ಗುಡುಗಿಗೆ ಕುರ್ಚಿಗಳೇ ನಡುಗಿದವು. ಇರ್ಮಾ ಎರಡೂ ಅಂಗೈಗಳನ್ನು ಕುರ್ಚಿಯ ತೋಳಿಗೆ ಒತ್ತಿ ಕಣ್ಣು ಮುಚ್ಚಿದರು. ಕೆನ್ನೆ ಒದ್ದೆಯಾಗಿತ್ತು.

ದೀಪ ಹತ್ತಿತು.

"ಕೇಳಿಸ್ತು ಆಂಡೋರ್!" ಎಂದರು, ಸುತ್ತಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ಪೂರ್ತಿ ಕೇಳಿಸ್ತು! ನೀನು ಇಷ್ಟು ವರ್ಷ ಬರ್ದಿದ್ರಲ್ಲಿ ಇದೇ ಚೆನ್ನಾಗಿದೆ ಕಣೋ."

ಆಂಡೋರ್ ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

ಇರ್ಮಾ ನನ್ನ ಕೈ ಹಿಡಿದು ಅದುಮಿದರು. "ಎಷ್ಟು ಚೆನ್ನಾಗಿ ನುಡಿಸಿದ್ಯಪ್ಪ!"

ಥ್ಯಾಂಕ್ಸ್ ಅಂದೆ. ಇನ್ನೇನು ಅನ್ನಲಿ?