ಮೊದಲ ಹುಡುಗಿ

ಶವ ಮೀಯಿಸಿದ ಹಂಡೆಯನ್ನು ಅಂಗಳದಲ್ಲಿ ಬೋರಲು ಹಾಕಿ ಬಹೀಜಾ ಒಳಗೆ ಬಂದಳು. ಎಲ್ಲರೂ ಗೌರವದಿಂದ ಲಲ್ಲಾ ಎನ್ನುತ್ತಿದ್ದ ಕೇರಿಯ ಹಿರಿಯಾಕೆ ತಾಮುವಿಗೆ ಬಿಳಿ ಬಟ್ಟೆ ಸುತ್ತಿ ಆಗಿತ್ತು. ಸಫಿ ಬಂದರಿನ ಕಾರ್ಖಾನೆಯಲ್ಲಿ ಡಬ್ಬಿಗೆ ಮೀನು ತುಂಬಿ ತುಂಬಿ ಸವೆದಿದ್ದ ಆ ಕೈಗಳು ಇನ್ನು ಕಾಣುವಂತಿರಲಿಲ್ಲ. ಸಾವಿನ ಮನೆಯಲ್ಲೂ ಬಹೀಜಾಳನ್ನು ಬಿಡದ ದಿಗಿಲೊಂದಿತ್ತು. ಓದು ಬಿಟ್ಟ ಮಕ್ಕಳಿಗಾಗಿ ಅವಳು ನಡೆಸುತ್ತಿದ್ದ ಪ್ರೌಢಶಾಲೆಗೆ ಇವತ್ತೇ ದಾಖಲಾತಿಯ ಕೊನೇ ದಿನ. ಹುಡುಗರು ಕಿಕ್ಕಿರಿದಿದ್ದರು, ಹುಡುಗಿ ಒಬ್ಬಳೂ ಇಲ್ಲ. ಸಂಜೆಯೊಳಗೆ ಯಾರೂ ಬರದಿದ್ದರೆ ಹುಡುಗಿಯರ ತರಗತಿಗೆ ಬೀಗ.

ನೆರೆಮನೆಯ ಖದ್ದೂಜ್ ಮೂಗೊರೆಸಿಕೊಂಡಳು. "ನಿನ್ ಮಗಳು ಸ್ಕೂಲಿಗೆ ಸೇರಿದ್ದಕ್ಕೆ ತಾಮು ಎಷ್ಟು ಹಿಗ್ಗಿದ್ಲು ಗೊತ್ತೇನೇ ಶಾಮಾ?"

"ನನ್ ಮಗಳಾ?" ಶಾಮಾ ಅಳು ನಿಲ್ಲಿಸಿದಳು. "ಸೇರಿರೋಳು ನಿನ್ ಮಗಳಲ್ವಾ? ಖದ್ದೂಜ್ ಮಗಳೇ ಹೋಗ್ತಾಳೆ, ನಿನ್ನೋಳಿಗೇನು ಧಾಡಿ ಅಂತ ಮೊನ್ನೆ ತಾಮು ನನ್ ತಲೆ ತಿಂದ್ಲಲ್ಲ!"

"ನಂಗೂ ಹಂಗೇ ಅಂದ್ಲು," ಎಂದಳು ಮೂಲೆಯಲ್ಲಿದ್ದ ಇನ್ನೊಬ್ಬಳು.

ಎಲ್ಲರೂ ಬಹೀಜಾಳತ್ತ ತಿರುಗಿದರು. "ಟೀಚರ್, ಯಾರ್ ಸೇರಿದ್ದಾರೆ ಹೇಳ್ರೀ."

"ಯಾರೂ ಇಲ್ಲ."

*

ಹೋದ ತಿಂಗಳು ತಾಮು ಶಾಲೆಗೆ ಬಂದು ಬಹೀಜಾಳ ಮೇಜಿನ ಮೇಲೆ ಮೊಣಕೈ ಊರಿ ಕೂತಿದ್ದಳು.

"ಎಲ್ರೂ ಒಂದೇ ಮಾತು ಆಡ್ತಾರೆ, ಬೇರೆಯೋರು ಕಳಿಸ್ಲಿ, ಆಮೇಲೆ ನಾವೂ ಕಳಿಸ್ತೀವಿ ಅಂತ. ಮೊದಲ್ನೇ ಹುಡುಗಿ ಯಾರು ಅನ್ನೋದೇ ಪೇಚು."

"ಏನ್ ಮಾಡೋದು ಲಲ್ಲಾ?"

"ಗೊಂಬೆ ಆಡೋ ವಯಸ್ಸಲ್ಲಿ ನನ್ ಕೈಗೆ ಮೀನಿನ ತಲೆ ಕೊಯ್ಯೋ ಚೂರಿ ಕೊಟ್ರು. ಬ್ಯಾಡ ಅನ್ನೋಕೆ ಒಬ್ರೂ ಬರ್ಲಿಲ್ಲ. ನೀವು ಪಾಠ ನೋಡ್ಕೊಳ್ಳಿ. ಇದನ್ನ ನಂಗೆ ಬಿಡಿ."

*

ತಾಮುವಿನ ಆಟ ಹೊಳೆದದ್ದೇ ಅಳುವಿನ ಮನೆಗೆ ನಗು ನುಗ್ಗಿತು. ಕೆನ್ನೆಯ ಕಣ್ಣೀರು ಆರಿರಲಿಲ್ಲ, ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಷ್ಟರಲ್ಲಿ ಗಂಡಸರು ಶವವಿಟ್ಟ ಜನಾಜಾ ಎತ್ತಲು ಬಂದರು. ತಾಮುವಿನ ಮಗ ಜಿಲಾಲಿ ವಾಡಿಕೆಯಂತೆ ಬಾಗಿಲಲ್ಲಿ ನಿಂತ. "ಅಮ್ಮನಿಂದ ಯಾರಿಗಾದ್ರೂ ತಪ್ಪಾಗಿದ್ರೆ ಮನ್ನಿಸಿಬಿಡಿ."

"ಮನ್ನಿಸಿದ್ದೀವಿ," ಎಂದು ನೆರೆದವರು ಹೇಳಬೇಕು. ಈವರೆಗೆ ಯಾರೂ ಬೇರೆ ಮಾತಾಡಿದ್ದಿಲ್ಲ.

"ನಾನ್ ಮನ್ನಿಸಲ್ಲ!" ಎಂದಳು ಖದ್ದೂಜ್.

ಜಿಲಾಲಿಯ ಮುಖ ಬಿಳಿಚಿತು.

"ಸುಳ್ಳು ಹೇಳಿದ್ಲು ಕಣಪ್ಪಾ ನಿಮ್ಮಮ್ಮ. ಮನ್ನಿಸಿದ್ರೆ ಅದು ಸುಳ್ಳಾಗೇ ಮಣ್ಣಿಗೆ ಹೋಗುತ್ತೆ. ಅವಳನ್ನ ಗುಂಡಿಗೆ ಇಳಿಸೋದ್ರೊಳಗೆ ನಿಜ ಮಾಡ್ತೀನಿ. ಇಕ್ರಾಮ್! ಚಪ್ಪಲಿ ಮೆಟ್ಕೊಳೇ!"

"ನಿನ್ ಮಗಳೇ ಮೊದಲಾಗ್ಬೇಕೇನು?" ಶಾಮಾ ಎದ್ದೇಬಿಟ್ಟಳು. "ಗಿಜ್ಲಾನ್, ಓಡೇ! ಅವಳನ್ನ ಮುಂದೆ ಬಿಟ್ಯೋ ನೋಡು!"

ಮೂಲೆಯವಳೂ ಮಗಳನ್ನು ಎಬ್ಬಿಸಿದಳು. ಸುದ್ದಿ ಮಾಳಿಗೆಯಿಂದ ಮಾಳಿಗೆಗೆ ಹಾರಿತು. ಬಾಗಿಲುಗಳು ತೆರೆದವು, ಇನ್ನಷ್ಟು ಹುಡುಗಿಯರು ಬಂದರು. ಬಹೀಜಾ ಅವರನ್ನು ಕರೆದುಕೊಂಡು ಶಾಲೆಯ ಕಡೆಗೆ ಓಡಿದಳು. ಇಂಥ ದಿನ ಇಷ್ಟು ಸಂತೋಷವಾಗಬಾರದೆಂದು ಅವಳಿಗೂ ಗೊತ್ತಿತ್ತು, ಆದರೂ ಆಗುತ್ತಿತ್ತು.

ಮಸೀದಿಯ ತಿರುವಿನಲ್ಲಿ ನಮಾಜು ಮುಗಿಸಿ ಹೊರಟ ಜನಾಜಾ ಎದುರಿಗೆ ಬಂತು. ಹುಡುಗಿಯರು ತಲೆತಗ್ಗಿಸಿ ಗೋಡೆಗೆ ಒತ್ತಿಕೊಂಡರು. ಜನಾಜಾಕ್ಕೆ ಆ ಊರಿನಲ್ಲಿ ಮೀನಿನ ಲಾರಿಗಳೂ ನಿಂತು ದಾರಿ ಬಿಡುತ್ತವೆ.

ಜಿಲಾಲಿ ಕೈ ಎತ್ತಿದ. ಹೊತ್ತವರು ನಿಂತರು. ಭಾರಕ್ಕೆ ಅವರ ಹೆಗಲು ಬಾಗಿತ್ತು, ಆದರೂ ಒಬ್ಬನೂ ಕಾಲು ಮುಂದಿಡಲಿಲ್ಲ. ಹುಡುಗಿಯರು ಒಬ್ಬರ ಹಿಂದೊಬ್ಬರು ತಾಮುವಿನ ಮುಂದೆ ಹಾದು, ಬೀದಿ ದಾಟಿ, ಶಾಲೆಯತ್ತ ಓಡಿದರು.